ರೆಪ್ಲ್‌ನಲ್ಲಿ ಲೆಕ್ಕ ಇದೆ, ಬ್ರೌಸರ್‌ಗೆ ಮಾತ್ರ ನಲ್

ಶಿರಸಿ_ಅಡಿಕೆ:
ಮನೆಯ ಅಡಿಕೆ ಲೆಕ್ಕಕ್ಕೆ ಕಾಮನ್ ಲಿಸ್ಪ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಂಡಿದ್ದೇನೆ. ರಾಶಿ, ಚಾಲಿ, ಬೆಟ್ಟೆ ಯಾವುದು ಎಷ್ಟು ಕೆಜಿ ಕೊಟ್ಟೆವು, ಎಷ್ಟು ದುಡ್ಡು ಬಂತು, ಅಷ್ಟೇ. ಓಡಿಸುವುದು ಎಸ್‌ಬಿಸಿಎಲ್ (ಲಿಸ್ಪ್ ಕಂಪೈಲರ್), ಬರೆಯುವುದು ಈಮ್ಯಾಕ್ಸ್ ಎಡಿಟರ್‌ನಲ್ಲಿ, ಎರಡನ್ನೂ ಜೋಡಿಸುವುದು ಸ್ಲೈಮ್. ರೆಪ್ಲ್‌ನಲ್ಲೇ, ಅಂದರೆ ಲಿಸ್ಪ್ ಆಜ್ಞೆ ಟೈಪ್ ಮಾಡುವ ಪರದೆಯಲ್ಲೇ, ಒಂದು ಸಣ್ಣ ಮೆನು ಬರುತ್ತದೆ. ಅಪ್ಪನಿಗೆ ಅದು ಬೇಡ. "ನಿನ್ನ ಕಪ್ಪು ಪರದೆ ನೋಡಿದ್ರೆ ಕರೆಂಟ್ ಹೋದ ಹಾಗೆ ಕಾಣ್ತದೆ" ಅಂತಾರೆ. ಅವರಿಗೆ ಮೊಬೈಲ್ ಬ್ರೌಸರ್‌ನಲ್ಲಿ ಬಟನ್ ಬೇಕು.

ಅದಕ್ಕೆ ಅದೇ ಪ್ರೋಗ್ರಾಂ ಒಳಗಿಂದ ಹಂಚೆನ್‌ಟೂಟ್ ಅನ್ನುವ ವೆಬ್ ಸರ್ವರ್ ಶುರು ಮಾಡಿದೆ, ಪೋರ್ಟ್ 8080. ಬಟನ್ ಒತ್ತಿದರೆ ಜಾವಾಸ್ಕ್ರಿಪ್ಟ್ ಪಟ್ಟಿ ಕೇಳುತ್ತದೆ, ಈ ಕಡೆಯಿಂದ ಸಿಎಲ್-ಜೇಸನ್ ಲೈಬ್ರರಿ ಅದನ್ನು ಜೇಸನ್ (ಬ್ರೌಸರ್‌ಗೆ ಅರ್ಥವಾಗುವ ಪಠ್ಯ ರೂಪ) ಮಾಡಿ ಕಳಿಸಬೇಕು. ಬರುವುದು ಬರೀ ನಲ್, ಅಂದರೆ 'ಏನೂ ಇಲ್ಲ'. ಅದರ ಲೆಂತ್ ಕೇಳಲು ಹೋಗಿ ಜಾವಾಸ್ಕ್ರಿಪ್ಟ್ ಬೀಳುತ್ತದೆ. ಅದೇ ಹೊತ್ತಿಗೆ ರೆಪ್ಲ್ ಮೆನುವಿನಲ್ಲಿ ನೋಡಿದರೆ 43 ಸಾಲು ಲೆಕ್ಕ ಹಾಗೇ ಇದೆ! ಹ್ಯಾಂಡ್ಲರ್ (ಬ್ರೌಸರ್ ಕೇಳಿದ್ದಕ್ಕೆ ಉತ್ತರ ಕೊಡುವ ಫಂಕ್ಷನ್) ಒಳಗೆ ಪ್ರಿಂಟ್ ಹಾಕಿದೆ, ರೆಪ್ಲ್‌ನಲ್ಲಿ ಏನೂ ಕಾಣಲಿಲ್ಲ. ಹ್ಯಾಂಡ್ಲರ್ ಓಡುತ್ತಲೇ ಇಲ್ವಾ? ಎರಡು ರಾತ್ರಿ ಹೋಯಿತು.

ಸುಮ್ನೆ_ಕೋಡರ್:
ಲಿಸ್ಪ್‌ನಲ್ಲಿ ಖಾಲಿ ಪಟ್ಟಿ ಅಂದರೂ ನಿಲ್, ಸುಳ್ಳು ಅಂದರೂ ನಿಲ್. ಸಿಎಲ್-ಜೇಸನ್ ಅದನ್ನು ನಲ್ ಅಂತಲೇ ಬರೆಯುತ್ತದೆ. ಕಳಿಸುವ ಮೊದಲು ಪಟ್ಟಿಯನ್ನು ವೆಕ್ಟರ್ (ಲಿಸ್ಪ್‌ನ ಅರೇ) ಮಾಡಿ. ಆಗ ಖಾಲಿ ಇದ್ದರೂ ಖಾಲಿ ಅರೇ ಹೋಗುತ್ತದೆ.

ಶಿರಸಿ_ಅಡಿಕೆ:
ಮಾಡಿದೆ, ಥ್ಯಾಂಕ್ಸ್. ಈಗ ಬೀಳುವುದಿಲ್ಲ, ಆದರೆ ಪುಟ ಬೋಳು ಬೋಳು. ಆ 43 ಸಾಲು ಎಲ್ಲಿ ಹೋದವು?

ಹಳೇ_ಬ್ರಾಕೆಟ್:
ಒಂದು ಅನುಮಾನ. ಫೈಲ್ ಓದಿದ ಮೇಲೆ ಲೆಕ್ಕವನ್ನು ಎಲ್ಲಿ ಇಡುತ್ತೀರಿ? ಲೆಟ್ (ತಾತ್ಕಾಲಿಕವಾಗಿ ಬೆಲೆ ಕೊಡುವುದು) ಒಳಗಾ?

ಶಿರಸಿ_ಅಡಿಕೆ:
ಹೌದು ಸರ್. ಲೆಕ್ಕದ ವೇರಿಯಬಲ್ಲನ್ನು ಡೆಫ್‌ವಾರ್‌ನಲ್ಲಿ ಘೋಷಿಸಿ ನಿಲ್ ಕೊಟ್ಟಿದ್ದೇನೆ. ಮುಖ್ಯ ಫಂಕ್ಷನ್‌ನಲ್ಲಿ ಲೆಟ್ ಹಾಕಿ ಫೈಲ್ ಓದಿ, ಅದರೊಳಗೇ ಸರ್ವರ್ ಶುರು ಮಾಡಿ, ಆಮೇಲೆ ಮೆನು.

ಹಳೇ_ಬ್ರಾಕೆಟ್:
ಸಿಕ್ಕಿತು. ಡೆಫ್‌ವಾರ್ ಮಾಡಿದ್ದು ಸ್ಪೆಷಲ್ ವೇರಿಯಬಲ್, ಅಂದರೆ ಇಡೀ ಪ್ರೋಗ್ರಾಂಗೆ ಕಾಣುವಂಥದ್ದು. ಅದಕ್ಕೆ ಲೆಟ್ ಹಾಕಿದರೆ ಆ ಬೆಲೆ ಆ ಥ್ರೆಡ್‌ಗೆ (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳಲ್ಲಿ ಒಂದು) ಮಾತ್ರ. ಹಂಚೆನ್‌ಟೂಟ್ ಸಾಮಾನ್ಯವಾಗಿ ಬ್ರೌಸರ್‌ನ ಪ್ರತಿ ಸಂಪರ್ಕಕ್ಕೂ ಬೇರೆ ಥ್ರೆಡ್ ಹುಟ್ಟಿಸುತ್ತದೆ. ಆ ಥ್ರೆಡ್‌ಗೆ ನಿಮ್ಮ ಲೆಟ್ ಗೊತ್ತೇ ಇಲ್ಲ, ಅದಕ್ಕೆ ಕಾಣುವುದು ಮೂಲದ ನಿಲ್. ನಿಮ್ಮ ಮೆನು ರೆಪ್ಲ್ ಥ್ರೆಡ್‌ನಲ್ಲೇ ಇದೆ, ಹಾಗಾಗಿ ಅಲ್ಲಿ ಎಲ್ಲ ಸರಿ. ಲೆಟ್ ತೆಗೆದು ಸೆಟ್‌ಎಫ್ ಮಾಡಿ, ಆಗ ಮೂಲದ ಬೆಲೆಯೇ ಬದಲಾಗುತ್ತದೆ.

ಪ್ರಿಂಟ್ ಕಾಣದ್ದೂ ಇದರ ತಮ್ಮನೇ. ರೆಪ್ಲ್ ಥ್ರೆಡ್‌ನ ಔಟ್‌ಪುಟ್ಟನ್ನು ಸ್ಲೈಮ್ ತನ್ನ ಕಡೆ ತಿರುಗಿಸಿಕೊಂಡಿರುತ್ತದೆ. ಬೇರೆ ಥ್ರೆಡ್ ಬರೆದದ್ದು ಈಮ್ಯಾಕ್ಸ್‌ನಲ್ಲಿ ಇನ್ಫೀರಿಯರ್ ಲಿಸ್ಪ್ ಅನ್ನುವ ಇನ್ನೊಂದು ಬಫರ್‌ಗೆ ಹೋಗುತ್ತದೆ. ಅಲ್ಲಿ ನೋಡಿ.

ಇನ್ನೊಂದು. ಸೆಟ್‌ಎಫ್ ಮಾಡಿದ ಮೇಲೆ ಮೆನುವಿನಿಂದ ನೀವು, ಮೊಬೈಲಿನಿಂದ ಅಪ್ಪ, ಇಬ್ಬರೂ ಒಂದೇ ಪಟ್ಟಿಗೆ ಕೈ ಹಾಕುತ್ತೀರಿ. ಪುಶ್ ಮಾಡುವಾಗ (ಪಟ್ಟಿಗೆ ಸೇರಿಸುವಾಗ) ಒಂದು ಸಾಲು ಕಳೆದುಹೋಗಬಹುದು. ಬೋರ್ಡೋ ಥ್ರೆಡ್ಸ್ ಲೈಬ್ರರಿಯ ಲಾಕ್ ಹಾಕಿ, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುವ ಹಾಗೆ. ದುಡ್ಡಿನ ಲೆಕ್ಕ, ಅಲ್ವಾ?

ವೆಬ್_ಸಾಕು:
ಜಾವಾಸ್ಕ್ರಿಪ್ಟ್ ಬರೆಯುವ ತಲೆನೋವೇ ಬೇಡ ಅಂದರೆ ಸಿಎಲ್‌ಒಜಿ ಅನ್ನುವ ಲಿಸ್ಪ್ ಲೈಬ್ರರಿ ನೋಡಿ. ಬಟನ್ ಹುಟ್ಟಿಸುವುದೂ ಲಿಸ್ಪ್, ಒತ್ತಿದಾಗ ಓಡುವುದೂ ಲಿಸ್ಪ್. ನಡುವೆ ವೆಬ್‌ಸಾಕೆಟ್ (ತೆರೆದೇ ಇರುವ ಸಂಪರ್ಕ) ಇರುತ್ತದೆ. ಆದರೆ ಅಲ್ಲೂ ಕ್ಲಿಕ್ ಬರುವುದು ಬೇರೆ ಥ್ರೆಡ್‌ನಲ್ಲೇ. ಲೆಟ್ ಹಾಗೇ ಬಿಟ್ಟು ಅಲ್ಲಿಗೆ ಹೋದರೆ ಮತ್ತೆ ಇಲ್ಲೇ ಬರುತ್ತೀರಿ.

ಶಿರಸಿ_ಅಡಿಕೆ:
ಇನ್ಫೀರಿಯರ್ ಲಿಸ್ಪ್ ಬಫರ್ ತೆರೆದರೆ ನನ್ನ ಎರಡು ರಾತ್ರಿಯ ಪ್ರಿಂಟ್ ಎಲ್ಲ ಸಾಲಾಗಿ ಕೂತಿದ್ದವು. ಬೈಗುಳ ಸಮೇತ. ಸೆಟ್‌ಎಫ್ ಮಾಡಿದೆ, 43 ಸಾಲೂ ಬಂದವು. ಲಾಕ್ ಕೂಡ ಹಾಕಿದೆ. ಸಿಎಲ್‌ಒಜಿ ಈ ಸಲದ ಕೊನೆ ಕೊಯ್ಲು ಮುಗಿದ ಮೇಲೆ.

ಅಪ್ಪ ಮೊಬೈಲಿನಲ್ಲಿ ಐದು ನಿಮಿಷ ನೋಡಿದರು. ಒಂದು ಕಡೆ ಬೆಟ್ಟೆಯನ್ನು ಚಾಲಿ ಅಂತ ಬರೆದಿದ್ದೆನಂತೆ. ಈಗ ತಿದ್ದುವ ಬಟನ್ ಬೇಕಂತೆ.