ಸೊಂಟದ ಕೆಳಗೆ ಸ್ವಾಧೀನವಿಲ್ಲದ ತಮ್ಮನಿಗೆ ಸರ್ಫಿಂಗ್ ಆಗುತ್ತದಾ? ಅನುಭವ ಇದ್ದವರು ಹೇಳಿ

ನಾವು ಹಳೆಯಂಗಡಿಯವರು. ಬೈಕ್ ಅಪಘಾತದ ನಂತರ ತಮ್ಮನಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಸ್ಪರ್ಶವೂ ಇಲ್ಲ. ಸಸಿಹಿತ್ಲು ಬೀಚಿನಲ್ಲಿ ಸರ್ಫಿಂಗ್ ನೋಡಿದ ದಿನದಿಂದ ‘ನಾನೂ ಹೋಗಬೇಕು’ ಅನ್ನುತ್ತಿದ್ದಾನೆ. ಕರೆದುಕೊಂಡು ಹೋಗಬಹುದಾ?

ಮುಲ್ಕಿಯಿಂದ:
ಖಂಡಿತ ಹೋಗಬಹುದು. ನನ್ನ ಅಣ್ಣನದೂ ಇದೇ ಕಥೆ. ಮೊದಲು ಅವನನ್ನು ನೋಡುವ ಡಾಕ್ಟರನ್ನು ಕೇಳಿದೆವು, ನೀವೂ ಕೇಳಿ. ಎದ್ದು ನಿಂತರೆ ಮಾತ್ರ ಸರ್ಫಿಂಗ್ ಅಂತೇನಿಲ್ಲ. ಅಂಗವೈಕಲ್ಯ ಇರುವವರ ಪ್ಯಾರಾ ಸರ್ಫಿಂಗ್ ವಿಶ್ವ ಚಾಂಪಿಯನ್‌ಶಿಪ್ 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಅದರಲ್ಲಿ ಮಲಗಿ, ಕೂತು, ಮಂಡಿಯೂರಿ ಆಡುವವರಿದ್ದಾರೆ. ಕಣ್ಣು ಕಾಣದವರೂ ಇದ್ದಾರೆ.

ನಮ್ಮದು 9 ಅಡಿಯ ಮೆತ್ತನೆ ಫೋಮ್ ಬೋರ್ಡ್. ಅಣ್ಣ ಹೊಟ್ಟೆ ಮೇಲೆ ಮಲಗಿದ. ಸೊಂಟದಷ್ಟು ನೀರಲ್ಲಿ ನಾನು ಬೋರ್ಡಿನ ಹಿಂಬದಿ ಹಿಡಿದು ನಿಂತಿದ್ದೆ. ದಡದ ಹತ್ತಿರ ಹಿಡಿಯಲು ತರಬೇತುದಾರರು. ಒಡೆದ ಅಲೆಯ ನೊರೆ ಬಂತು, ತಳ್ಳಿದೆ. ಅವನು ಎರಡೂ ಕೈ ಅಂಚಿಗೆ ಕೊಟ್ಟು ಎದೆ ಎತ್ತಿದ. ಮರಳಿಗೆ ತಾಗಿ ನಿಂತ ಮೇಲೆ ತಿರುಗಿ ತುಳುವಿನಲ್ಲಿ ‘ನನೊರ’ ಅಂದ. ಇನ್ನೊಮ್ಮೆ! ಅವತ್ತು ಆರು ಸಲ ತಳ್ಳಿದೆ.

ಒಳ್ಳೆಯದಾಗಿದ್ದು ಅವನಿಗೆ ಮಾತ್ರ ಅಲ್ಲ. ಎರಡು ವರ್ಷ ನಾವಿಬ್ಬರು ಔಷಧಿ, ಬಿಲ್ಲು ಬಿಟ್ಟು ಬೇರೆ ಮಾತಾಡಿದ್ದೇ ಕಮ್ಮಿ. ಈಗ ನಾನೂ ಕಲಿಯುತ್ತಿದ್ದೇನೆ. ಯಾರು ಒಳ್ಳೆ ಅಲೆ ಹಿಡಿದದ್ದು ಅಂತ ದಾರಿಯುದ್ದಕ್ಕೂ ಜಗಳ. ಚಿಕ್ಕವರಿದ್ದಾಗ ಹೀಗೇ ಇದ್ದೆವು.

ಉಡುಪಿಯಿಂದ (ಫಿಸಿಯೋಥೆರಪಿಸ್ಟ್):
ಸ್ಪರ್ಶ ಇಲ್ಲದ ಕಡೆ ಗಾಯವಾದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಉದ್ದ ಲೆಗ್ಗಿಂಗ್ಸ್, ಸಾಕ್ಸ್ ಹಾಕಿಸಿ. ಬಿಸಿ ಮರಳಲ್ಲಿ ಕೂರಿಸಬೇಡಿ. ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ಹಿಮ್ಮಡಿ, ಬೆರಳ ಸಂದಿ, ಪೃಷ್ಠ ಎಲ್ಲಾ ನೋಡಿ. ನೀರಿಗಿಳಿಯುವ ಮೊದಲು ಮೂತ್ರ ಖಾಲಿ ಇರಲಿ. ಬೆನ್ನುಹುರಿಯ ಪೆಟ್ಟು ಎದೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ದರೆ ಇನ್ನೂ ಎಚ್ಚರ ಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿಯುವುದು, ಮುಖ ಕೆಂಪಾಗಿ ಬೆವರುವುದು ಕಂಡರೆ ತಕ್ಷಣ ದಡಕ್ಕೆ ತಂದು ನೆಟ್ಟಗೆ ಕೂರಿಸಿ, ಆಸ್ಪತ್ರೆಗೆ ಹೊರಡಿ. ಬಿಪಿ ಅಪಾಯದ ಮಟ್ಟಕ್ಕೆ ಏರಿರಬಹುದು.

ಸಸಿಹಿತ್ಲುವಿನಿಂದ:
ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವ ಅಳಿವೆಯ ಹತ್ತಿರ ಯಾವಾಗಲೂ ಬೇಡ, ಸೆಳೆತ ಜಾಸ್ತಿ. ಒಣ ಮರಳಲ್ಲಿ ವೀಲ್‌ಚೇರ್ ಹೂತುಹೋಗುತ್ತದೆ. ಸಮುದ್ರದ ಇಳಿತದ ಹೊತ್ತಿಗೆ ಬಂದರೆ ಒದ್ದೆ ಮರಳು ಗಟ್ಟಿ ಇರುತ್ತದೆ, ಅಲ್ಲಿ ಉರುಳುತ್ತದೆ. ಬೆಳಿಗ್ಗೆಯೇ ಬನ್ನಿ, ಮಧ್ಯಾಹ್ನ ಗಾಳಿ ಎದ್ದರೆ ಅಲೆ ಕೆಡುತ್ತದೆ. ರಸ್ತೆಯಿಂದ ನೀರಿನವರೆಗೆ ಎತ್ತಿಕೊಂಡು ಹೋಗಲು ಜನ ಬೇಕಾದರೆ ಹೇಳಿ, ನಾವು ಮೂವರು ಇದ್ದೇವೆ.