ಎಂಟು ಕೇಂದ್ರಗಳಿಗೆ ಒಂದೇ ಕೀಲಿ: ಬದಲಿಸುವುದು ಹೇಗೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಎಂಟು ಖರೀದಿ ಕೇಂದ್ರಗಳಿಂದ ಪ್ರತಿ ಸಂಜೆ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ತೂಕದ ಜೊತೆಗೆ ರೈತರ ಹೆಸರು ಮತ್ತು ಬ್ಯಾಂಕ್ ಖಾತೆ ಸಂಖ್ಯೆ ಇರುವ ಕಡತ ಶಿವಮೊಗ್ಗದ ಕಚೇರಿಗೆ ಇಮೇಲ್‌ನಲ್ಲಿ ಬರುತ್ತದೆ. ಎಇಎಸ್-256 ಎಂಬ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಮುಚ್ಚಿಯೇ, ಕಳುಹಿಸುತ್ತಾರೆ. ಆದರೆ ಎಂಟೂ ಕಡೆ ಇರುವುದು ಒಂದೇ ಕೀಲಿ, ಅದೂ ಮೂರು ವರ್ಷಗಳ ಹಿಂದೆ ವಾಟ್ಸಾಪ್ ಗುಂಪಿನಲ್ಲಿ ಹಂಚಿದ್ದು. ಕಳೆದ ತಿಂಗಳು ಒಂದು ಕೇಂದ್ರಕ್ಕೆ ಹೋದಾಗ, ಆ ಕೀಲಿಯ 64 ಅಕ್ಷರಗಳನ್ನು ತಕ್ಕಡಿಯ ಪಕ್ಕದ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಸಾಲಾಗಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದು ಕಂಡು ಎದೆ ಧಸಕ್ಕೆಂದಿತು.

ಕೇಂದ್ರಗಳು ತಮ್ಮತಮ್ಮೊಳಗೂ ದಾಸ್ತಾನಿನ ವಿವರ ಕಳುಹಿಸಿಕೊಳ್ಳುತ್ತವೆ. ಹಾಗಾದರೆ ಪ್ರತಿ ಜೋಡಿಗೂ ಬೇರೆ ಕೀಲಿ ಬೇಕೇ? ಬೇಕೆಂದರೆ ಅದನ್ನು ತಲುಪಿಸುವುದು ಹೇಗೆ?

ಸಾಗರದ ಓದುಗ
ಎಇಎಸ್ ಬಗ್ಗೆ ಚಿಂತೆ ಬೇಡ. ಅದಕ್ಕೂ ಹಿಂದಿನ ಮಾನಕವಾಗಿದ್ದ 1977ರ ಡಿಇಎಸ್‌ನ ಕೀಲಿ ಬರೀ 56 ಬಿಟ್ ಇದ್ದುದರಿಂದ 1998ರಲ್ಲಿ ಅದಕ್ಕೆಂದೇ ಕಟ್ಟಿದ ಯಂತ್ರವೊಂದು ಮೂರು ದಿನದೊಳಗೆ ಆ ಕೀಲಿಯನ್ನು ಹುಡುಕಿ ತೆಗೆಯಿತು. 2001ರಲ್ಲಿ ಮಾನಕವಾದ ಎಇಎಸ್‌ನಲ್ಲಿ ಹಾಗೆ ಒಂದೊಂದೇ ಕೀಲಿ ಹಾಕಿ ನೋಡುವುದು ಆಗದ ಮಾತು. ಬೀಗ ಗಟ್ಟಿಯಾಗಿಯೇ ಇದೆ, ಕೀಲಿ ಗೋಡೆಗೆ ನೇತುಬಿದ್ದಿದೆ.

ಶಿವಮೊಗ್ಗವೂ ಸೇರಿ ನಿಮ್ಮದು ಒಂಬತ್ತು ಜಾಗ. ಜೋಡಿಗೊಂದು ಕೀಲಿ ಎಂದರೆ 36 ಕೀಲಿಗಳಾಗುತ್ತವೆ, ಕೇಂದ್ರಗಳು ಇಪ್ಪತ್ತಾದ ದಿನ 210. ಈ ತೊಡಕಿಗೆ ಕಂಪ್ಯೂಟರ್ ವಿಜ್ಞಾನಿಗಳಾದ ನೀಡ್‌ಹ್ಯಾಮ್ ಮತ್ತು ಶ್ರೋಡರ್ 1978ರಲ್ಲೇ ದಾರಿ ತೋರಿಸಿದ್ದಾರೆ. ಪ್ರತಿ ಕೇಂದ್ರಕ್ಕೂ ಶಿವಮೊಗ್ಗದ ಸರ್ವರ್‌ಗೂ ನಡುವೆ ಒಂದೊಂದು ಕಾಯಂ ಕೀಲಿ ಇರುತ್ತದೆ. ಕೊಪ್ಪದವರು ಹೊಸನಗರದವರೊಡನೆ ವ್ಯವಹರಿಸಬೇಕಾದಾಗ ಸರ್ವರ್ ಒಂದು ತಾತ್ಕಾಲಿಕ ಕೀಲಿ ಹುಟ್ಟಿಸಿ, ಒಂದು ಪ್ರತಿಯನ್ನು ಕೊಪ್ಪದ ಕೀಲಿಯಿಂದಲೂ ಇನ್ನೊಂದನ್ನು ಹೊಸನಗರದ ಕೀಲಿಯಿಂದಲೂ ಮುಚ್ಚಿ ಕೊಡುತ್ತದೆ. ಹಳೆಯ ಪ್ರತಿಯನ್ನೇ ಮತ್ತೆ ಕಳುಹಿಸಿ ಮೋಸ ಮಾಡಬಹುದೆಂದು 1981ರಲ್ಲಿ ಡೆನ್ನಿಂಗ್ ಮತ್ತು ಸ್ಯಾಕೊ ಎಂಬ ಸಂಶೋಧಕರು ತೋರಿಸಿದರು. ಇದೇ ದಾರಿಯಲ್ಲಿ ಕೀಲಿ ಹಂಚುವ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕರ್ಬರೋಸ್ ವ್ಯವಸ್ಥೆಯಲ್ಲಿ ಅದನ್ನು ತಡೆಯಲೆಂದೇ ಸಮಯದ ಮುದ್ರೆ ಸೇರಿಸಿದ್ದಾರೆ. ನಿಮಗೂ ಕರ್ಬರೋಸ್ ಹೊಂದೀತು.

ಶರಾವತಿ ಹಿನ್ನೀರು
ಸಾಗರದವರು ಹೇಳಿದ್ದು ಸರಿ, ಕರ್ಬರೋಸ್ ಸಲಹೆಯೊಂದನ್ನು ಬಿಟ್ಟು. ಸಾಮಾನ್ಯವಾಗಿ ಅದು ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಸಹಿಸುವುದಿಲ್ಲ. ಆಷಾಢದ ಮಳೆಯಲ್ಲಿ ನಮ್ಮ ಕಚೇರಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಬ್ಯಾಟರಿ ಸತ್ತಿದ್ದರಿಂದ, ಕರೆಂಟ್ ಬಂದಾಗ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸಿತು. ಸರಿಪಡಿಸಲು ನೆಟ್‌ವರ್ಕ್ ಕೂಡ ಇರಲಿಲ್ಲ. ಮೇಲಾಗಿ ಆ ಪದ್ಧತಿಯಲ್ಲಿ ಕೀಲಿ ಕೊಡುವ ಸರ್ವರ್ ಸದಾ ಕೈಗೆ ಸಿಗಬೇಕು. ನಮ್ಮ ಮಲೆನಾಡಿನಲ್ಲಿ ಅದನ್ನು ನಂಬಿ ಕೂರಲಾಗದು.

ನನ್ನ ಅಭಿಪ್ರಾಯ ಹೀಗಿದೆ. ಎಂಟು ಕೇಂದ್ರಗಳಿಗೆ ಎಂಟು ಕೀಲಿ ಸಾಕು. ದಾಸ್ತಾನಿನ ವಿವರವೂ ಶಿವಮೊಗ್ಗಕ್ಕೇ ಬಂದು, ಅಲ್ಲಿ ಬಿಚ್ಚಿ, ತಲುಪಬೇಕಾದವರ ಕೀಲಿಯಿಂದ ಮತ್ತೆ ಮುಚ್ಚಿ ಹೋಗಲಿ. ವಿವರ ಒಂದು ಗಂಟೆ ತಡವಾದರೆ ಅಡಿಕೆಗೇನೂ ಆಗುವುದಿಲ್ಲ. 1976ರ ಡಿಫಿ-ಹೆಲ್‌ಮನ್ ವಿಧಾನದಲ್ಲಿ ಮೊದಲೇ ಭೇಟಿಯಾಗದವರೂ ತಂತಿಯ ಮೇಲೆಯೇ ಕೀಲಿ ಮಾಡಿಕೊಳ್ಳಬಹುದು ನಿಜ, ಆದರೆ ಆ ತುದಿಯಲ್ಲಿರುವುದು ನಿಮ್ಮವರೇ ಎಂಬ ಖಾತ್ರಿ ಅದರಿಂದ ಸಿಗದು. ನಡುವೆ ಕುಳಿತವನು ಇಬ್ಬರೊಂದಿಗೂ ಬೇರೆ ಬೇರೆ ಕೀಲಿ ಮಾಡಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ನಿಮ್ಮ ವ್ಯವಸ್ಥಾಪಕರು ಸಭೆಗೆಂದು ಶಿವಮೊಗ್ಗಕ್ಕೆ ಬರುತ್ತಾರಲ್ಲವೇ? ಮುಖ ನೋಡಿ, ಮೊಹರು ಹಾಕಿದ ಲಕೋಟೆ ಕೈಗೆ ಕೊಡಿ. ಕೇಂದ್ರದಲ್ಲಿ ಕೀಲಿಯನ್ನು ಕಂಪ್ಯೂಟರ್‌ಗೆ ಹಾಕಿದ ಮೇಲೆ ಆ ಚೀಟಿಯನ್ನು ಬಚ್ಚಲೊಲೆಗೆ ಹಾಕಲಿ.

ತುಂಗಾತೀರ
ಇಬ್ಬರಿಗೂ ಕೃತಜ್ಞತೆಗಳು. ಸಭೆ ತಿಂಗಳ ಎರಡನೇ ಶನಿವಾರ ಇದೆ, ಲಕೋಟೆ ಸಿದ್ಧಪಡಿಸುತ್ತೇನೆ. ಇನ್ನೊಂದು ಅನುಮಾನ: ನಾವು ಎಇಎಸ್ ಅನ್ನು ಬಳಸುವುದು ಜಿಸಿಎಂ ಎಂಬ ವಿಧಾನದಲ್ಲಿ, ಅದಕ್ಕೆ ಬೇಕಾದ 96 ಬಿಟ್‌ಗಳ ನಾನ್ಸ್ ಅನ್ನು (ಪ್ರತಿ ಕಡತಕ್ಕೂ ಬೇರೆಯಾಗಿರಬೇಕಾದ ಸಂಖ್ಯೆ) ನಮ್ಮ ತಂತ್ರಾಂಶ ಕಂಪ್ಯೂಟರಿನ ತಾರೀಖು ಮತ್ತು ವೇಳೆಯಿಂದ ತಯಾರಿಸುತ್ತದೆ. ಗಡಿಯಾರದ ವಿಷಯ ಓದಿದ ಮೇಲೆ ಅಳುಕಾಗುತ್ತಿದೆ.

ಶರಾವತಿ ಹಿನ್ನೀರು
ಅಳುಕಬೇಕಾದದ್ದೇ. ಗಡಿಯಾರ ಹಿಂದಕ್ಕೆ ಹೋಗಿ ಒಂದೇ ಕೀಲಿಯ ಕೆಳಗೆ ಅದೇ ನಾನ್ಸ್ ಎರಡನೇ ಸಲ ಬಂದರೆ, ಆ ಎರಡು ಕಡತಗಳನ್ನು ಒಂದರ ಮೇಲೊಂದು ಇಟ್ಟು ನೋಡಿದವರಿಗೆ ಒಳಗಿನ ವಿವರದ ಸುಳಿವು ಸಿಗುತ್ತದೆ. ಅಷ್ಟೇ ಅಲ್ಲ, ಸುಳ್ಳು ಕಡತ ಸೃಷ್ಟಿಸಲೂ ದಾರಿಯಾಗುತ್ತದೆ. ಸುಳ್ಳು ತೂಕ, ಸುಳ್ಳು ಖಾತೆ ಸಂಖ್ಯೆ ಸೇರಿದರೆ ರೈತರ ಹಣವೇ ಹೋಗುತ್ತದೆ. ವೇಳೆಯನ್ನು ಕೈಬಿಟ್ಟು, ಪ್ರತಿ ಕಡತಕ್ಕೂ ಒಂದೊಂದೇ ಏರುವ ಕ್ರಮಸಂಖ್ಯೆಯನ್ನು ಡಿಸ್ಕಿನಲ್ಲಿ ಉಳಿಸಿ, ಕೇಂದ್ರವೂ ಶಿವಮೊಗ್ಗವೂ ಒಂದೇ ಕೀಲಿ ಬಳಸುವುದರಿಂದ ಕಳುಹಿಸುವವರ ಗುರುತನ್ನೂ ಅದಕ್ಕೆ ಸೇರಿಸಿ ನಾನ್ಸ್ ಮಾಡಿ. ಸಂಖ್ಯೆಯನ್ನು ಮೊದಲು ಡಿಸ್ಕಿಗೆ ಬರೆದು ಆಮೇಲೆ ಎನ್‌ಕ್ರಿಪ್ಟ್ ಮಾಡುವುದು ಮುಖ್ಯ, ಏಕೆಂದರೆ ಕರೆಂಟ್ ಹೋಗುವುದು ಸರಿಯಾಗಿ ಆ ನಡುವೆಯೇ. ಕಂಪ್ಯೂಟರ್ ಬದಲಿಸಿದರೆ ಅಥವಾ ಹಳೆಯ ಬ್ಯಾಕಪ್ ಹಾಕಿದರೆ ಕೀಲಿಯನ್ನೂ ಹೊಸದು ಮಾಡಿ.

ಸಾಗರದ ಓದುಗ
ಕರ್ಬರೋಸ್ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಒಂದು ಮಾತು ಸೇರಿಸುವುದಿದೆ: ಕೀಲಿ ಬದಲಿಸಿದರೂ ಮೂರು ವರ್ಷಗಳ ಹಳೆಯ ಕಡತಗಳು ಇಮೇಲ್ ಪೆಟ್ಟಿಗೆಯಲ್ಲಿ ಹಳೆಯ ಕೀಲಿಗೇ ತೆರೆದುಕೊಳ್ಳುತ್ತವೆ. ಲೆಕ್ಕಕ್ಕೆ ಬೇಕಾದವನ್ನು ಕಚೇರಿಯಲ್ಲಿ ಹೊಸ ಕೀಲಿಯಿಂದ ಮುಚ್ಚಿಟ್ಟು, ಪೆಟ್ಟಿಗೆಯಲ್ಲಿರುವುದನ್ನು ಶನಿವಾರಕ್ಕೆ ಮೊದಲೇ ಅಳಿಸಿಬಿಡಿ.