ಜೆಸಿಬಿಯನ್ನು ಟ್ರೇಲರ್ ಮೇಲೆ ಕಟ್ಟಲು ಯಾವ ಚೈನ್, ಯಾವ ಬೈಂಡರ್ ತಗೊಳ್ಳಲಿ?

ಹಾನಗಲ್_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ ಒಂದು ಜೆಸಿಬಿ 3ಡಿಎಕ್ಸ್ ಇದೆ. ಇಷ್ಟು ದಿನ ಕೆರೆ ಹೂಳು, ಹೊಲದ ಬದು, ಕೃಷಿ ಹೊಂಡ ಅಂತ ಊರ ಸುತ್ತಮುತ್ತಲೇ ಕೆಲಸ ನಡೆಯುತ್ತಿತ್ತು, ಮಷಿನ್ ಅನ್ನು ರಸ್ತೆ ಮೇಲೆ ಓಡಿಸಿಕೊಂಡೇ ಹೋಗುತ್ತಿದ್ದೆವು. ಈಗ ಅಂಕೋಲಾ ಕಡೆ ಆರು ತಿಂಗಳ ಕೆಲಸ ಸಿಕ್ಕಿದೆ. ಅಷ್ಟು ದೂರ ಓಡಿಸಿದರೆ ಟೈರ್ ಹಾಳು, ದಿನವೂ ಹಾಳು ಅಂತ ಮಾವ ಮತ್ತು ನಾನು ಸೇರಿ ಒಂದು ಹಳೇ ಲೋ ಬೆಡ್ ಟ್ರೇಲರ್ ತಗೊಂಡೆವು.

ಮೊದಲ ಟ್ರಿಪ್‌ನಲ್ಲೇ ಹೆದರಿಬಿಟ್ಟೆವು. ಟ್ರೇಲರ್ ಜೊತೆ ಬಂದಿದ್ದ ಹಳೇ ವೈರ್ ರೋಪ್ ಎರಡು ಕಡೆ, ನೈಲಾನ್ ಹಗ್ಗ ಎರಡು ಕಡೆ ಕಟ್ಟಿ, ಚಕ್ರಕ್ಕೆ ಕಲ್ಲು ಕೊಟ್ಟು ಹೊರಟಿದ್ದೆವು. ಯಲ್ಲಾಪುರ ಇನ್ನೂ ಸ್ವಲ್ಪ ದೂರ ಇರುವಾಗ ಎಮ್ಮೆ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಇಳಿದು ನೋಡಿದರೆ ಮಷಿನ್ ಒಂದು ಗೇಣು ಮುಂದೆ ಬಂದಿತ್ತು, ಒಂದು ಹಗ್ಗ ಬಕೆಟ್ ಅಂಚಿಗೆ ತಾಗಿ ಅರ್ಧ ಕತ್ತರಿಸಿತ್ತು. ಅರಬೈಲ್ ಘಾಟ್ ಇನ್ನೂ ಮುಂದೆ ಇತ್ತು. ಅಲ್ಲಿಂದಲೇ ವಾಪಸ್ ಬಂದೆವು.

ಹುಬ್ಬಳ್ಳಿಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಒಬ್ಬರು 8 ಎಂಎಂ ಸಾಕು ಅಂತಾರೆ, ಒಬ್ಬರು 12 ಎಂಎಂ ಬೇಕೇ ಬೇಕು ಅಂತಾರೆ, ಎಲ್ಲರೂ ಕೆಜಿ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಬಿಗಿಯಲು ಒಬ್ಬರು ಟರ್ನ್‌ಬಕಲ್ ತೋರಿಸಿದರು, ಇನ್ನೊಬ್ಬರು ಲಿವರ್ ಬೈಂಡರ್, ಮತ್ತೊಬ್ಬರು ರ‍್ಯಾಚೆಟ್ ಬೈಂಡರ್. ಯಾವುದು ತಗೊಳ್ಳಲಿ? ಎಷ್ಟು ಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಶಿರಾಡಿ_ಲೋಬೆಡ್:

ತಮ್ಮಾ, ವಾಪಸ್ ತಿರುಗಿಸಿದ್ದು ಬಹಳ ಒಳ್ಳೆಯದಾಯಿತು. ನಾನು ಮಂಗಳೂರು ಬಂದರಿನಿಂದ ಹಾಸನ, ಬೆಂಗಳೂರು ಕಡೆಗೆ ಲೋ ಬೆಡ್ ಓಡಿಸುತ್ತೇನೆ. ಶಿರಾಡಿ ಇಳಿಜಾರಿನಲ್ಲಿ ಮಷಿನ್ ಮುಂದೆ ಜಾರಿದರೆ ಅದು ಬಂದು ನಿಲ್ಲುವುದು ಡ್ರೈವರ್ ಬೆನ್ನ ಹಿಂದೆ. ಅದಕ್ಕೇ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಬ್ರೇಕ್ ಹೊಡೆದಾಗ ಮಷಿನ್ ಅನ್ನು ಹಿಡಿಯುವುದು ಹಿಂದಕ್ಕೆ ಎಳೆದು ಕಟ್ಟಿದ ಎರಡು ಚೈನ್ ಮಾತ್ರ. ಮುಂದಕ್ಕೆ ಎಳೆದು ಕಟ್ಟಿದ ಎರಡು ಚೈನ್ ಆ ಹೊತ್ತಿಗೆ ಸಡಿಲ ಆಗಿರುತ್ತವೆ, ಅವು ಏರು ಹತ್ತುವಾಗ ಕೆಲಸಕ್ಕೆ ಬರುತ್ತವೆ. ತುಂಬಾ ಜನ ನಾಲ್ಕು ಚೈನ್ ಇದೆ, ನಾಲ್ಕೂ ಸೇರಿ ಹಿಡಿಯುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ.

ಹತ್ತಿಸಿದ ಮೇಲೆ ನಾನು ಮಾಡುವುದು ಇಷ್ಟು. ಮುಂದಿನ ಬಕೆಟ್ ಅನ್ನು ಬೆಡ್ ಮೇಲೆ ಪೂರ್ತಿ ಕೂರಿಸುತ್ತೇನೆ. ಹಿಂದಿನ ಬೂಮ್ ಲಾಕ್ ಹಾಕಿ, ಸ್ಲ್ಯೂ ಪಿನ್ ಕೂಡ ಹಾಕುತ್ತೇನೆ, ಇಲ್ಲದಿದ್ದರೆ ತಿರುವಿನಲ್ಲಿ ಬೂಮ್ ಪಕ್ಕಕ್ಕೆ ತಿರುಗಿ ಎದುರು ಬರುವ ಬಸ್ಸಿಗೆ ತಾಗುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಕೀ ನನ್ನ ಜೇಬಿಗೆ. ಚಕ್ರಕ್ಕೆ ಕಲ್ಲು ಕೊಡಬೇಡಿ, ಅದು ಅಲುಗಾಡಿ ಹಾರಿಹೋಗುತ್ತದೆ. ಮರದ ಬೆಣೆ ಮಾಡಿಸಿ ಬೆಡ್‌ಗೆ ಮೊಳೆ ಹೊಡೆಯಿರಿ.

ಆಮೇಲೆ ಮುಖ್ಯವಾದದ್ದು. ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ಮತ್ತೆ ಬಿಗಿಯಿರಿ. ಟೈರ್ ಇರುವ ಮಷಿನ್ ಕುಲುಕಿ ಕುಲುಕಿ ಕೂರುತ್ತದೆ, ಚೈನ್ ಖಂಡಿತ ಸಡಿಲ ಆಗುತ್ತದೆ. ಘಾಟ್ ಶುರು ಆಗುವ ಮುಂಚೆ ಇನ್ನೊಮ್ಮೆ ನೋಡಿ.

ಸಂಡೂರ್_ಫಿಟ್ಟರ್:

ಮೇಲಿನ ಅಣ್ಣ ಹೇಳಿದ್ದು ಸರಿ ಇದೆ. ನಾನು ಗಣಿ ಕಡೆ ಮಷಿನ್ ಸಾಗಿಸುವ ಕೆಲಸದಲ್ಲಿ ಇದ್ದವನು, ಚೈನ್ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉದ್ದ ಆಗಬಹುದು, ಪೂರ್ತಿ ಓದಿ.

ಅಂಗಡಿಯವರು ದಪ್ಪ ಮಾತ್ರ ಹೇಳುತ್ತಿದ್ದಾರೆ, ಅಲ್ವಾ? ದಪ್ಪ ಅರ್ಧ ಮಾತು. ಇನ್ನರ್ಧ ಗ್ರೇಡ್, ಅಂದರೆ ಉಕ್ಕು ಎಷ್ಟು ಗಟ್ಟಿ ಅನ್ನುವ ದರ್ಜೆ. ಅಮೆರಿಕದ ಪಟ್ಟಿಯಲ್ಲಿ ಮೂರು ಎಂಟಾಂಶ ಇಂಚು, ಅಂದರೆ ಹತ್ತತ್ತಿರ 10 ಎಂಎಂ ದಪ್ಪದ ಗ್ರೇಡ್ 30 ಚೈನಿಗೆ ಕೆಲಸದ ಮಿತಿ 2,650 ಪೌಂಡ್. ಅದೇ ದಪ್ಪದ ಗ್ರೇಡ್ 70ಕ್ಕೆ 6,600 ಪೌಂಡ್. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ತೂಕವೂ ಒಂದೇ, ಶಕ್ತಿ ಮಾತ್ರ ಎರಡೂವರೆ ಪಟ್ಟು ವ್ಯತ್ಯಾಸ. ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಗುರುತಿಲ್ಲದ ಚೈನ್ ಗೇಟಿಗೆ, ಬಾವಿಗೆ ಸರಿ. ಮಷಿನ್ ಕಟ್ಟಲು ಬೇಡ.

ಇಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಚೈನ್ ಅಂದರೆ ಗ್ರೇಡ್ 80, ಕ್ರೇನ್ ಸ್ಲಿಂಗ್‌ಗೆ ಬಳಸುವ ಅಲಾಯ್ ಚೈನ್. ಅಲ್ಲಲ್ಲಿ ಕೊಂಡಿ ಮೇಲೆ 8 ಅಥವಾ ಟಿ8 ಅಂತ ಒತ್ತಿರುತ್ತದೆ. ಆ ಗುರುತು ಕಾಣದಿದ್ದರೆ ತಗೊಳ್ಳಬೇಡಿ, ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ.

ಈಗ ಗೊಂದಲ ಆಗುವ ಜಾಗ. 10 ಎಂಎಂ ಗ್ರೇಡ್ 80 ಚೈನಿಗೆ ಎತ್ತುವ ಮಿತಿ 3.15 ಟನ್ ಅಂತ ಇರುತ್ತದೆ. ಅದೇ ಚೈನ್ ಅನ್ನು ಲೋಡ್ ಕಟ್ಟುವ ಸೆಟ್ ಆಗಿ ಮಾರಿದರೆ ತಗಡಿನ ಬಿಲ್ಲೆ ಮೇಲೆ ಎಲ್‌ಸಿ (ಕಟ್ಟುವ ಮಿತಿ) 6300 ಡಿಎಎನ್ ಅಂತ ಇರುತ್ತದೆ, ಸುಮಾರು 6.3 ಟನ್ ಎಳೆತ ಅಂದುಕೊಳ್ಳಿ. ಎರಡೂ ಸರಿ. ಎತ್ತುವಾಗ ತುಂಡಾಗುವ ಶಕ್ತಿಯ ನಾಲ್ಕನೇ ಒಂದು ಭಾಗ ಮಾತ್ರ ಬಳಸುತ್ತಾರೆ, ಕಟ್ಟುವಾಗ ಅರ್ಧ ಬಳಸುತ್ತಾರೆ. ಹಾಗೆಯೇ 8 ಎಂಎಂ ಅಂದರೆ ಕಟ್ಟಲು 4 ಟನ್, 13 ಎಂಎಂ ಅಂದರೆ 10 ಟನ್.

ನಿಮ್ಮ 3ಡಿಎಕ್ಸ್ ಸುಮಾರು 7.5 ಟನ್. ಯುರೋಪಿನ ಲೆಕ್ಕದಲ್ಲಿ ಗಟ್ಟಿ ಬ್ರೇಕ್‌ಗೆ ಮುಂದಕ್ಕೆ ತೂಕದ 0.8 ಪಟ್ಟು ಹಿಡಿಯಬೇಕು, ಪಕ್ಕಕ್ಕೂ ಹಿಂದಕ್ಕೂ 0.5 ಪಟ್ಟು. ಅಂದರೆ ಮುಂದಕ್ಕೆ 6 ಟನ್. ಇದನ್ನು ಹಿಡಿಯುವುದು ಹಿಂದಕ್ಕೆ ಎಳೆದ ಎರಡು ಚೈನ್. ಆದರೆ ಚೈನ್ ನೇರ ಹಿಂದಕ್ಕೆ ಹೋಗುವುದಿಲ್ಲ, ಕೆಳಕ್ಕೆ 45 ಡಿಗ್ರಿ, ಪಕ್ಕಕ್ಕೆ 30 ಡಿಗ್ರಿ ಓರೆ ಇರುತ್ತದೆ ಅಂತ ಇಟ್ಟುಕೊಳ್ಳಿ. ಆಗ ಅದರ ಶಕ್ತಿಯಲ್ಲಿ ನೂರಕ್ಕೆ 61 ಭಾಗ ಮಾತ್ರ ಬ್ರೇಕ್‌ಗೆ ಎದುರಾಗಿ ನಿಲ್ಲುತ್ತದೆ. 8 ಎಂಎಂ ಎರಡು ಹಾಕಿದರೆ 4.9 ಟನ್. 10 ಎಂಎಂ ಎರಡು ಹಾಕಿದರೆ 7.7 ಟನ್.

ಒಣಗಿದ ಮರದ ಬೆಡ್ ಮೇಲೆ ಟೈರ್ ಹಿಡಿತವೂ ಸೇರುವುದರಿಂದ 8 ಎಂಎಂ ಕಾಗದದ ಮೇಲೆ ಸಾಕಾಗುತ್ತದೆ. ಆದರೆ ಕರಾವಳಿ ಮಳೆ, ಟೈರ್ ತುಂಬಾ ಕೆಸರು, ಕೆಳಗೆ ಕಬ್ಬಿಣದ ತಗಡು ಅಂದರೆ ಆ ಹಿಡಿತ ಇದೆ ಅಂತ ನಂಬಬಾರದು. 10 ಎಂಎಂ ತಗೊಳ್ಳಿ. ಮೀಟರಿಗೆ ಎರಡು ಕೆಜಿ ಚಿಲ್ಲರೆ ತೂಗುತ್ತದೆ, ಒಬ್ಬನೇ ಎತ್ತಿ ಹಾಕಬಹುದು. 12, 13 ಎಂಎಂ ನಿಮಗೆ ಬೇಡ, ಭಾರ ಅಂತ ಹುಡುಗರು ಸರಿಯಾಗಿ ಕಟ್ಟುವುದನ್ನೇ ಬಿಟ್ಟುಬಿಡುತ್ತಾರೆ.

ಡಲ್ಲಾಸ್_ಕನ್ನಡಿಗ:

ನಾನು ಇಲ್ಲಿ ಟೆಕ್ಸಾಸ್‌ನಲ್ಲಿ ಮಷಿನ್ ಬಾಡಿಗೆಗೆ ಕೊಡುವ ಯಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿನ ಕಾನೂನು ಹೇಳುತ್ತೇನೆ, ನಿಮಗೂ ಒಂದು ಅಳತೆಗೋಲು ಆಗಬಹುದು. 10,000 ಪೌಂಡ್, ಅಂದರೆ ಸುಮಾರು 4.5 ಟನ್ ಅಥವಾ ಅದಕ್ಕಿಂತ ಜಾಸ್ತಿ ತೂಗುವ, ಚಕ್ರ ಅಥವಾ ಟ್ರ್ಯಾಕ್ ಇರುವ ಮಷಿನ್‌ಗೆ ಕನಿಷ್ಠ ನಾಲ್ಕು ಕಡೆ ಕಟ್ಟಲೇಬೇಕು. ಬಕೆಟ್, ಬೂಮ್ ಎಲ್ಲ ಕೆಳಗಿಳಿಸಿ ಅದನ್ನೂ ಭದ್ರ ಮಾಡಬೇಕು. ಎಲ್ಲಾ ಚೈನಿನ ಮಿತಿ ಕೂಡಿಸಿದರೆ ಮಷಿನ್ ತೂಕದ ಅರ್ಧಕ್ಕೆ ಕಡಿಮೆ ಆಗಬಾರದು. ಟ್ರೇಲರ್‌ನಿಂದ ಮಷಿನ್‌ಗೆ ನೇರ ಕಟ್ಟಿದ ಚೈನಿನ ಮಿತಿಯಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಾವು ಬ್ಯಾಕ್‌ಹೋಗೆ, ಅಂದರೆ ನಿಮ್ಮ ಜೆಸಿಬಿ ಥರದ ಮಷಿನ್‌ಗೆ, ಐದು ಹಾಕುತ್ತೇವೆ, ನಾಲ್ಕು ಮೂಲೆಗೆ, ಒಂದು ಹಿಂದಿನ ಬೂಮ್‌ಗೆ. ದಾರಿಯಲ್ಲಿ ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ನೋಡಬೇಕು ಅಂತಲೂ ನಿಯಮ ಇದೆ.

ಬೈಂಡರ್ ವಿಷಯದಲ್ಲಿ ನನ್ನ ಮಾತು ಒಂದೇ. ರ‍್ಯಾಚೆಟ್ ತಗೊಳ್ಳಿ. ನಮ್ಮ ಯಾರ್ಡ್‌ನಲ್ಲಿ ಲಿವರ್ ಬೈಂಡರ್ ಬಿಚ್ಚುವಾಗ ಹಿಡಿ ತಿರುಗಿ ಹೊಡೆದು ಒಬ್ಬ ಹುಡುಗನ ದವಡೆ ಮುರಿಯಿತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇವತ್ತಿಗೂ ಅದು ಕಣ್ಣ ಮುಂದೆ ಬರುತ್ತದೆ.

ಶಿರಾಡಿ_ಲೋಬೆಡ್:

ಸರ್, ಆ ಹುಡುಗನ ವಿಷಯ ಓದಿ ಬೇಜಾರಾಯಿತು. ಆದರೆ ನಾನು ಇಷ್ಟು ವರ್ಷ ಲಿವರ್ ಬೈಂಡರೇ ಬಳಸುತ್ತಿದ್ದೇನೆ. ಬೇಗ ಆಗುತ್ತದೆ, ಒಳಗೆ ಕೆಡುವ ಭಾಗ ಇಲ್ಲ, ಮಣ್ಣು ಧೂಳು ಏನೂ ಮಾಡುವುದಿಲ್ಲ. ಹಿಡಿಗೆ ಪೈಪ್ ಸಿಕ್ಕಿಸಿ ಬಿಗಿಯುವುದು ಮಾತ್ರ ತಪ್ಪು. ಪೈಪ್ ಹಾಕಿದರೆ ಎಷ್ಟು ಎಳೆತ ಕೂತಿದೆ ಅಂತ ಕೈಗೆ ಗೊತ್ತಾಗುವುದಿಲ್ಲ, ಬಿಚ್ಚುವಾಗ ಅಷ್ಟೂ ವಾಪಸ್ ಬರುತ್ತದೆ. ಬಿಚ್ಚುವಾಗ ಅಂಗೈ ಬಿಡಿಸಿ ಕೆಳಗಿನಿಂದ ಮೇಲಕ್ಕೆ ತಳ್ಳಬೇಕು, ಮುಷ್ಟಿ ಕಟ್ಟಿ ಹಿಡಿಯಬಾರದು, ಮುಖ ಹಿಡಿಯ ದಾರಿಯಲ್ಲಿ ಇರಬಾರದು.

ಡಲ್ಲಾಸ್_ಕನ್ನಡಿಗ:

ಅಣ್ಣಾ, ನಿಮ್ಮ ಕೈಗೆ ಅಭ್ಯಾಸ ಇದೆ. ಇವರು ಹೊಸಬರು, ನಾಳೆ ಇನ್ಯಾರೋ ಕ್ಲೀನರ್ ಹುಡುಗ ಬಂದು ಬಿಚ್ಚುತ್ತಾನೆ. ರ‍್ಯಾಚೆಟ್‌ನಲ್ಲಿ ಸ್ಕ್ರೂ ಇರುವುದರಿಂದ ನಿಧಾನ ಬಿಗಿಯುತ್ತದೆ, ನಿಧಾನ ಸಡಿಲ ಆಗುತ್ತದೆ, ಏಕಾಏಕಿ ಹೊಡೆಯುವುದಿಲ್ಲ. ದಾರಿಯಲ್ಲಿ ಮತ್ತೆ ಬಿಗಿಯುವುದೂ ಸುಲಭ, ನಾಲ್ಕು ಸಲ ಹಿಡಿ ಆಡಿಸಿದರೆ ಆಯಿತು. ಲಿವರ್‌ನಲ್ಲಿ ಪೂರ್ತಿ ಬಿಚ್ಚಿ ಒಂದು ಕೊಂಡಿ ಮುಂದೆ ಸಿಕ್ಕಿಸಬೇಕಾಗುತ್ತದೆ.

ಶಿರಾಡಿ_ಲೋಬೆಡ್:

ಅದು ಒಪ್ಪುವ ಮಾತು. ಹೊಸದಾಗಿ ತಗೊಳ್ಳುವವರು ರ‍್ಯಾಚೆಟ್‌ಗೇ ಹೋಗಲಿ.

ರಾಣೇಬೆನ್ನೂರ್_ವೆಲ್ಡರ್:

ಎಲ್ಲರೂ ಚೈನ್ ಬಗ್ಗೆ ಹೇಳಿದರು, ಆ ಚೈನ್ ಸಿಕ್ಕಿಸುವ ಬಳೆ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಟ್ರೇಲರ್ ಅಂದಿರಿ. ದಯವಿಟ್ಟು ಬೆಡ್ ಕೆಳಗೆ ಬಗ್ಗಿ ನೋಡಿ. ನನ್ನ ಶೆಡ್ಡಿಗೆ ಬರುವ ಹಳೇ ಟ್ರೇಲರ್‌ಗಳಲ್ಲಿ ಕಟ್ಟಡದ ಟಿಎಂಟಿ ಸರಳನ್ನೇ ಬಗ್ಗಿಸಿ, ತಗಡಿಗೆ ಎರಡು ಚುಕ್ಕಿ ವೆಲ್ಡ್ ಹೊಡೆದು ಬಳೆ ಮಾಡಿರುತ್ತಾರೆ. ಅಂಥದ್ದಕ್ಕೆ 6.3 ಟನ್ ಚೈನ್ ಸಿಕ್ಕಿಸಿ ಏನು ಲಾಭ? ಚೈನ್, ಹುಕ್, ಶ್ಯಾಕಲ್, ಬೈಂಡರ್, ಬಳೆ, ಈ ಐದರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅಷ್ಟೇ ನಿಮ್ಮ ಶಕ್ತಿ. ಮಿತಿ ಒತ್ತಿರುವ ಡಿ ರಿಂಗ್ ಸಿಗುತ್ತದೆ, ಅದನ್ನು ತಂದು ಕೆಳಗಿನ ಅಡ್ಡ ಚಾನೆಲ್‌ಗೆ ಸುತ್ತಲೂ ಪೂರ್ತಿ ವೆಲ್ಡ್ ಮಾಡಿಸಿ. ಮೇಲಿನ ತಗಡಿಗೆ ಮಾತ್ರ ಹೊಡೆದರೆ ತಗಡು ಸಮೇತ ಕಿತ್ತು ಬರುತ್ತದೆ.

ಇನ್ನೊಂದು, ಇದನ್ನು ವೆಲ್ಡರ್ ಆಗಿಯೇ ಹೇಳುತ್ತೇನೆ. ಗ್ರೇಡ್ 80 ಚೈನ್ ತುಂಡಾದರೆ ಅದನ್ನು ವೆಲ್ಡ್ ಮಾಡಿಸಬೇಡಿ. ಅದು ಕಾಯಿಸಿ ತಣಿಸಿ ಹದ ಮಾಡಿದ ಉಕ್ಕು, ವೆಲ್ಡ್ ಶಾಖಕ್ಕೆ ಆ ಹದ ಹೋಗುತ್ತದೆ. ಎಷ್ಟೇ ದುಡ್ಡು ಕೊಡುತ್ತೇನೆ ಅಂದರೂ ನಾನು ಮಾಡಿಕೊಡುವುದಿಲ್ಲ. ಕೊಂಡಿಯಲ್ಲಿ ಬಿರುಕು, ಉದ್ದ ಎಳೆದ ಗುರುತು, ಅಥವಾ ದಪ್ಪದಲ್ಲಿ ಹತ್ತನೇ ಒಂದು ಭಾಗ ಸವೆತ ಕಂಡರೆ, ಅಂದರೆ 10 ಎಂಎಂ ಇದ್ದದ್ದು 9 ಆದರೆ, ಅದನ್ನು ಬದಿಗಿಡಿ. ಚೈನ್ ಗಿಡ್ಡ ಮಾಡಲು ಗಂಟು ಹಾಕುವುದು, ಎರಡು ಚೈನ್ ಮಧ್ಯೆ ಬೋಲ್ಟ್ ತೂರಿಸುವುದು ಕೂಡ ಬೇಡ. ಅದಕ್ಕೇ ಗ್ರ್ಯಾಬ್ ಹುಕ್, ಅಂದರೆ ಚೈನಿನ ಒಂದು ಕೊಂಡಿಯನ್ನು ಕಚ್ಚಿ ಹಿಡಿಯುವ ಹುಕ್, ಇರುವುದು.

ಹೊಸಕೋಟೆ_ಅರ್ಥ್‌ಮೂವರ್:

ಇದೇ ಥ್ರೆಡ್‌ನಲ್ಲಿ ಕೇಳುತ್ತೇನೆ, ಬೇಜಾರಿಲ್ಲ ತಾನೇ? ನಮ್ಮದು 20 ಟನ್ ಹಿಟಾಚಿ, ಟ್ರ್ಯಾಕ್ ಇರುವುದು. ಅದಕ್ಕೆ 13 ಎಂಎಂ ನಾಲ್ಕು ಸಾಕಾ?

ಸಂಡೂರ್_ಫಿಟ್ಟರ್:

ಬೆಡ್ ಮೇಲೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಮುಂದಕ್ಕೆ 16 ಟನ್ ಹಿಡಿಯಬೇಕು, ಅದೇ ಕೋನದಲ್ಲಿ 13 ಎಂಎಂ ಎರಡು ಸೇರಿ 12.2 ಟನ್ ಕೊಡುತ್ತವೆ. ಕಬ್ಬಿಣದ ಟ್ರ್ಯಾಕ್ ಕಬ್ಬಿಣದ ತಗಡಿನ ಮೇಲೆ, ಅದರ ಮೇಲೆ ಮಳೆ ನೀರು ಅಂದರೆ ಸಾಬೂನು ಇದ್ದ ಹಾಗೆ, ಉಳಿದ ಭಾಗವನ್ನು ಹಿಡಿಯಲು ಏನೂ ಇರುವುದಿಲ್ಲ. ಟ್ರ್ಯಾಕ್ ಕೆಳಗೆ ಗಟ್ಟಿ ಮರದ ಹಲಗೆ ಅಥವಾ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಹತ್ತಿಸುವ ಮುಂಚೆ ಟ್ರ್ಯಾಕ್‌ನ ಕೆಸರು ಕೆರೆದು ತೆಗೆಯಿರಿ. ಹಿಂದಕ್ಕೆ ಇನ್ನೆರಡು ಚೈನ್ ಜಾಸ್ತಿ ಹಾಕಿ, ಬಕೆಟ್ ಮೇಲೆ ಒಂದು. ಟ್ರ್ಯಾಕ್ ಪ್ಲೇಟಿಗೆ ಕಟ್ಟಬೇಡಿ, ಅಂಡರ್‌ಕ್ಯಾರೇಜ್ ಫ್ರೇಮ್‌ಗೆ ಕಟ್ಟಿ.

ಹಾನಗಲ್_ಹುಡುಗ:

ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ವೆಲ್ಡರ್ ಅಣ್ಣ ಹೇಳಿದ ಮೇಲೆ ಬೆಡ್ ಕೆಳಗೆ ಹೋಗಿ ನೋಡಿದೆ. ಆರು ಬಳೆಯಲ್ಲಿ ನಾಲ್ಕು ಟಿಎಂಟಿ ಸರಳಿನವು. ಒಂದರ ವೆಲ್ಡ್ ಆಗಲೇ ಬಿರುಕು ಬಿಟ್ಟಿತ್ತು, ಅವತ್ತು ನಾವು ವೈರ್ ರೋಪ್ ಕಟ್ಟಿದ್ದು ಅದಕ್ಕೇ. ಎಲ್ಲಾ ಕಿತ್ತು ಡಿ ರಿಂಗ್ ಹಾಕಿಸಲು ಕೊಟ್ಟಿದ್ದೇನೆ. 10 ಎಂಎಂ ಗ್ರೇಡ್ 80 ಐದು ಸೆಟ್, ರ‍್ಯಾಚೆಟ್ ಬೈಂಡರ್ ಐದು ಆರ್ಡರ್ ಮಾಡಿದೆ, ಬಿಲ್ಲೆ ಮೇಲೆ ಎಲ್‌ಸಿ 6300 ಇದೆ. ಮಾವ ಮನೆಯಲ್ಲಿರುವ ಟರ್ನ್‌ಬಕಲ್ ಎರಡು ಸುಮ್ನೆ ಬಿದ್ದಿವೆ, ಬೂಮ್‌ಗೆ ಅದನ್ನೇ ಹಾಕೋಣ ಅಂತಿದ್ದಾರೆ. ಹಾಕಬಹುದಾ?

ಸಂಡೂರ್_ಫಿಟ್ಟರ್:

ಮಿತಿ ಒತ್ತಿದ್ದರೆ ಹಾಕಬಹುದು, ಗುರುತು ಇಲ್ಲದಿದ್ದರೆ ಬೇಡ. ತುದಿಯಲ್ಲಿ ತೆರೆದ ಹುಕ್ ಇರುವುದು ಬೇಡ, ಎಳೆತಕ್ಕೆ ಬಾಯಿ ಬಿಡುತ್ತದೆ. ತುದಿಯಲ್ಲಿ ಕಣ್ಣು (ಮುಚ್ಚಿದ ಬಳೆ) ಅಥವಾ ದವಡೆ (ಪಿನ್ ಹಾಕುವ ಕವಲು) ಇರುವುದಾದರೆ ಸರಿ. ಕುಲುಕಾಟಕ್ಕೆ ಸ್ಕ್ರೂ ತಾನೇ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಎರಡೂ ಕಡೆ ಲಾಕ್ ನಟ್ ಬಿಗಿದು, ನಡುವೆ ತಂತಿ ತೂರಿಸಿ ಕಟ್ಟಿ. ರ‍್ಯಾಚೆಟ್ ಬೈಂಡರ್ ಹಿಡಿಯನ್ನೂ ಬಿಗಿದ ಮೇಲೆ ಮಿಕ್ಕ ಚೈನ್‌ನಿಂದ ಸುತ್ತಿ ತಂತಿ ಹಾಕಿ. ಕರಾವಳಿಯಲ್ಲಿ ಆರು ತಿಂಗಳು ಅಂದಿರಿ, ಉಪ್ಪು ಗಾಳಿಗೆ ಸ್ಕ್ರೂ ಹಿಡಿದುಕೊಳ್ಳುತ್ತದೆ, ವಾರಕ್ಕೊಮ್ಮೆ ಎಣ್ಣೆ ಬಿಡಿ.

ಶಿರಾಡಿ_ಲೋಬೆಡ್:

ಹೊರಡುವ ದಿನ ಇಲ್ಲಿ ಬರೆಯಿರಿ ತಮ್ಮಾ. ಬೆಳಕು ಇರುವಾಗಲೇ ಅರಬೈಲ್ ಇಳಿಯುವ ಹಾಗೆ ಹೊರಡಿ, ಮೇಲೆ ನಿಲ್ಲಿಸಿ ಐದೂ ಚೈನ್ ಕೈಯಿಂದ ಮುಟ್ಟಿ ನೋಡಿ ಆಮೇಲೆ ಇಳಿಸಿ.